‘ಸಾರಿ’ ಅಂದರೆ ಕ್ಷಮೆಯೇ? ಸರ್ಕಾರಗಳು ಪದ ತೂಗುವ ಬಗೆ

ಪ್ರಶ್ನೆ: ‘ಭಾರತ ಕಳವಳ ವ್ಯಕ್ತಪಡಿಸಿದೆ’, ‘ಬ್ರಿಟನ್ ವಿಷಾದಿಸಿದೆ’, ‘ಉಭಯ ನಾಯಕರು ಮುಕ್ತ ಮಾತುಕತೆ ನಡೆಸಿದರು’ ಅಂತ ಪೇಪರಿನಲ್ಲಿ ದಿನಾ ಓದುತ್ತೇನೆ. ಓದಿ ಮುಗಿಸಿದ ಮೇಲೂ ನಿಜಕ್ಕೂ ಏನಾಯಿತು ಅಂತ ತಿಳಿಯುವುದಿಲ್ಲ. ಸರ್ಕಾರಗಳಿಗೆ ನೇರವಾಗಿ ಮಾತಾಡೋಕೆ ಏನು ಕಷ್ಟ? ಇದು ಸುಳ್ಳನ್ನೇ ಸಭ್ಯವಾಗಿ ಹೇಳುವ ವಿದ್ಯೆ ಅಲ್ಲವೇ?
ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಂಥ ವಾಕ್ಯಗಳನ್ನು ಬರೆದ ಪಾಪದಲ್ಲಿ ನನಗೂ ಪಾಲಿದೆ. ಈಗ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಹೇಳುತ್ತೇನೆ. ಅದಕ್ಕೆ ಮೊದಲು ಬಹಳ ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಏಜೆನ್ಸಿ ಕಾಪಿಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ನಿಮ್ಮ ಪ್ರಶ್ನೆಗೆ ಉತ್ತರ ಮೊದಲು ಸಿಕ್ಕಿದ್ದೂ ಆ ಡೆಸ್ಕಿನಲ್ಲೇ, ಬೈಸಿಕೊಂಡಾಗ.

2001ರ ಏಪ್ರಿಲ್ 11. ಹತ್ತು ದಿನ ಮುಂಚೆ, ಏಪ್ರಿಲ್ 1ರಂದು, ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ಇಪಿ-3 ಬೇಹುಗಾರಿಕೆ ವಿಮಾನಕ್ಕೂ ಚೀನಾದ ಯುದ್ಧವಿಮಾನಕ್ಕೂ ಡಿಕ್ಕಿಯಾಗಿತ್ತು. ಚೀನಾದ ಪೈಲಟ್ ವಾಂಗ್ ವೇಯ್ ಸತ್ತಿದ್ದ. ಜಖಂಗೊಂಡ ಅಮೆರಿಕದ ವಿಮಾನ ಅನುಮತಿ ಸಿಗುವ ಮೊದಲೇ ಹೈನಾನ್ ದ್ವೀಪದಲ್ಲಿ ಇಳಿದಿತ್ತು, ಅದರಲ್ಲಿದ್ದ 24 ಮಂದಿ ಚೀನಾದ ವಶದಲ್ಲಿದ್ದರು. ‘ಕ್ಷಮೆ ಕೇಳಿ, ಬಿಡುತ್ತೇವೆ’ ಎಂದಿತು ಬೀಜಿಂಗ್. ‘ತಪ್ಪು ನಮ್ಮದಲ್ಲ, ಕೇಳುವುದಿಲ್ಲ’ ಎಂದಿತು ವಾಷಿಂಗ್ಟನ್. ಕೊನೆಗೆ ಅಮೆರಿಕದ ರಾಯಭಾರಿ ಜೋಸೆಫ್ ಪ್ರೂಹರ್ ಚೀನಾದ ವಿದೇಶಾಂಗ ಸಚಿವರಿಗೆ ಒಂದು ಪತ್ರ ಕೊಟ್ಟರು. ಅದರಲ್ಲಿ ಎರಡು ಕಡೆ ‘ವೆರಿ ಸಾರಿ’ ಇತ್ತು. ಒಂದು, ಪೈಲಟ್ಟಿನ ಕುಟುಂಬಕ್ಕಾದ ನಷ್ಟಕ್ಕೆ. ಇನ್ನೊಂದು, ಮೌಖಿಕ ಅನುಮತಿ ಇಲ್ಲದೆ ಚೀನಾದ ಆಕಾಶ ಹೊಕ್ಕು ಇಳಿದದ್ದಕ್ಕೆ.

ನಾನು ಹುರುಪಿನಲ್ಲಿ ‘ಕ್ಷಮೆ ಕೇಳಿದ ಅಮೆರಿಕ’ ಅಂತ ಹೆಡ್ಡಿಂಗ್ ಕೊಟ್ಟೆ. ಪ್ರೂಫ್ ನೋಡುತ್ತಿದ್ದ ನಮ್ಮ ಹಿರಿಯರು ಕನ್ನಡಕ ಹಣೆಗೇರಿಸಿ ಕೇಳಿದರು: ‘ಕ್ಷಮೆ ಅಂತ ಅವರೆಲ್ಲಿ ಹೇಳಿದಾರಪ್ಪಾ?’

‘ವೆರಿ ಸಾರಿ ಅಂತಿದೆಯಲ್ಲ ಸಾರ್.’

‘ಹೋದ ವಾರ ನಿಮ್ಮ ಪಕ್ಕದ ಮನೆ ಅಜ್ಜ ತೀರಿಕೊಂಡಾಗ ಹೋಗಿ ಸಾರಿ ಅಂದು ಬಂದೆಯಲ್ಲ, ಅಜ್ಜನ್ನ ನೀನೇ ಕೊಂದಿದ್ದೆಯೋ?’

ಹೆಡ್ಡಿಂಗ್ ಬದಲಾಯಿತು. ಇಂಗ್ಲಿಷಿನ ‘ಸಾರಿ’ ಸಾವಿನ ಮನೆಯಲ್ಲೂ ಸಲ್ಲುತ್ತದೆ, ಕಾಲು ತುಳಿದಾಗಲೂ ಸಲ್ಲುತ್ತದೆ. ಕನ್ನಡದಲ್ಲಿ ನಾವು ಆರಿಸಿಕೊಳ್ಳಲೇಬೇಕು: ‘ಪಾಪ, ಹೀಗಾಗಬಾರದಿತ್ತು’ ಎನ್ನುವುದೋ, ‘ತಪ್ಪಾಯ್ತು’ ಎನ್ನುವುದೋ. ಚೀನೀ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಪಾಡು. ಅವರು ಕೇಳಿದ್ದು ‘ದಾವ್‌ಚಿಯಾನ್’, ಅಂದರೆ ತಪ್ಪೊಪ್ಪಿ ಕೇಳುವ ಕ್ಷಮೆ. ಪತ್ರ ಬಂದ ಮೇಲೆ ಚೀನೀ ಮಾಧ್ಯಮಗಳು ಬರೆದದ್ದು ‘ಶೆನ್‌ಬಿಯಾವೊ ಚಿಯಾನ್‌ಯಿ’, ಅಂದರೆ ಆಳವಾದ ವಿಷಾದಭಾವದ ನಿವೇದನೆ. ಎರಡರಲ್ಲೂ ‘ಚಿಯಾನ್’ ಎಂಬ ಒಂದೇ ಅಕ್ಷರ ಇದೆ. ಬೀಜಿಂಗಿನ ಓದುಗನ ಕಣ್ಣಿಗೆ ಕ್ಷಮೆಯ ಅಕ್ಷರ ಬಿತ್ತು, ಅಮೆರಿಕದ ಓದುಗನಿಗೆ ‘ನಾವು ಕ್ಷಮೆ ಕೇಳಿಲ್ಲ’ ಎನ್ನುವ ಸಮಾಧಾನ ಉಳಿಯಿತು. 24 ಜನ ಮನೆಗೆ ಹೋದರು.

ಕಥೆಯ ಬಾಲ ಇನ್ನೂ ಸ್ವಾರಸ್ಯ. ವಿಮಾನವನ್ನು ಇಟ್ಟುಕೊಂಡು ನೋಡಿಕೊಂಡ ಖರ್ಚು ಅಂತ ಚೀನಾ ಆಮೇಲೆ ಸುಮಾರು 10 ಲಕ್ಷ ಡಾಲರಿನ ಬಿಲ್ ಕಳಿಸಿತು. ಅಮೆರಿಕ ಕೊಡಲು ಮುಂದಾದದ್ದು 34,567 ಡಾಲರ್. ಚೀನಾ ಮುಟ್ಟಲಿಲ್ಲ. ಪತ್ರದಲ್ಲಿ ‘ತಪ್ಪು ನಮ್ಮದು’ ಎಂಬರ್ಥದ ಒಂದೇ ಒಂದು ಪದ ಇದ್ದಿದ್ದರೆ ಆ 10 ಲಕ್ಷವನ್ನು ಇಷ್ಟು ಸಲೀಸಾಗಿ ತಳ್ಳಿಹಾಕಲು ಆಗುತ್ತಿರಲಿಲ್ಲ.

ನೀವು ಕೇಳಿದ ‘ಏನು ಕಷ್ಟ’ ಎಂಬುದಕ್ಕೆ ನನ್ನ ಉತ್ತರ ಇದೇ. ನಾವು ನೀವು ಆಡಿದ ಮಾತು ಗಾಳಿಗೆ ಹೋಗುತ್ತದೆ. ಸರ್ಕಾರ ಆಡಿದ ಮಾತಿಗೆ ಹಿಂದೆಯೇ ಬಿಲ್ ಬರುತ್ತದೆ: ಪರಿಹಾರದ ರೂಪದಲ್ಲಿ, ಯುದ್ಧದ ರೂಪದಲ್ಲಿ, ಕೋರ್ಟು ಕಚೇರಿಯ ರೂಪದಲ್ಲಿ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷವಾದಾಗ, 2019ರ ಏಪ್ರಿಲ್‌ನಲ್ಲಿ, ಬ್ರಿಟನ್ ಪ್ರಧಾನಿ ತೆರೆಸಾ ಮೇ ಸಂಸತ್ತಿನಲ್ಲಿ ‘ಆಳವಾಗಿ ವಿಷಾದಿಸುತ್ತೇವೆ’ ಎನ್ನುವ ತನಕ ಬಂದು ಅಲ್ಲಿಗೇ ನಿಂತರು. ಕ್ಷಮೆ ಎಂಬ ಮೆಟ್ಟಿಲು ಹತ್ತಲಿಲ್ಲ. ಅದನ್ನು ಹತ್ತಿದರೆ ಹಳೆಯ ಸಾಮ್ರಾಜ್ಯದ ಉದ್ದಗಲಕ್ಕೂ ಯಾರು ಯಾರು ಕೈಚಾಚುತ್ತಾರೆ ಎಂಬ ಲೆಕ್ಕ ಲಂಡನ್ನಿನಲ್ಲಿ ನಡೆಯದೆ ಇರುತ್ತದೆಯೇ?

ಬಿಲ್ ತಪ್ಪಿಸಿಕೊಳ್ಳುವ ಹಳೇ ಉಪಾಯವೆಂದರೆ ಹೆಸರು ಬದಲಾಯಿಸುವುದು. 1962ರ ಅಕ್ಟೋಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿ, ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಹೋಗದಂತೆ ಅದರ ಸುತ್ತ ನೌಕಾಪಡೆ ನಿಲ್ಲಿಸುವುದಾಗಿ ಸಾರಿದರು. ಅದನ್ನು ‘ದಿಗ್ಬಂಧನ’ ಎನ್ನಲಿಲ್ಲ, ‘ಕ್ವಾರಂಟೈನ್’ ಎಂದರು. ಅಂತರರಾಷ್ಟ್ರೀಯ ಕಾನೂನಿನಲ್ಲಿ ದಿಗ್ಬಂಧನ ಯುದ್ಧಕೃತ್ಯ, ಕ್ವಾರಂಟೈನ್ ಎಂಬುದಕ್ಕೆ ಆ ಹಣೆಪಟ್ಟಿ ಇರಲಿಲ್ಲ. ಸಮುದ್ರದಲ್ಲಿ ನಿಂತ ಹಡಗುಗಳು ಅವೇ, ಹೂಡಿದ ಫಿರಂಗಿಗಳೂ ಅವೇ. ಆದರೆ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ‘ನನ್ನ ಮೇಲೆ ಯುದ್ಧ ಸಾರಿದ್ದಾರೆ’ ಎಂದು ಉತ್ತರಿಸಲೇಬೇಕಾದ ಇಕ್ಕಟ್ಟು ಬರಲಿಲ್ಲ. ಆ ಪದ ಆರಿಸಿದವರನ್ನು ನಾನು ಮೆಚ್ಚುತ್ತೇನೆ.

ಅದೇ ಉಪಾಯ ನಾಚಿಕೆಗೇಡೂ ಆಗಬಲ್ಲದು. 1994ರಲ್ಲಿ ರುವಾಂಡಾದಲ್ಲಿ ದಿನಕ್ಕೆ ಸಾವಿರಾರು ಜನರನ್ನು ಕಡಿಯುತ್ತಿದ್ದಾಗ ಅಮೆರಿಕದ ವಿದೇಶಾಂಗ ಇಲಾಖೆಯ ವಕ್ತಾರೆ ಕ್ರಿಸ್ಟೀನ್ ಶೆಲ್ಲಿ ‘ಜನಾಂಗೀಯ ಹತ್ಯೆ’ ಎನ್ನಲು ಒಪ್ಪದೆ ‘ಜನಾಂಗೀಯ ಹತ್ಯೆಯ ಕೃತ್ಯಗಳು’ ನಡೆದಿವೆ ಎಂದರು. ಅಂಥ ಎಷ್ಟು ಕೃತ್ಯಗಳು ಸೇರಿದರೆ ಒಂದು ಜನಾಂಗೀಯ ಹತ್ಯೆ ಆಗುತ್ತದೆ ಎಂದು ವರದಿಗಾರರೊಬ್ಬರು ಕೇಳಿದರು. ಆ ಪ್ರಶ್ನೆಗೆ ಉತ್ತರಿಸುವ ಸ್ಥಿತಿಯಲ್ಲಿ ತಾನಿಲ್ಲ ಎಂದರಾಕೆ. 1948ರ ಒಪ್ಪಂದದ ಪ್ರಕಾರ ಜನಾಂಗೀಯ ಹತ್ಯೆಯನ್ನು ತಡೆಯುವುದು ಸಹಿ ಹಾಕಿದ ದೇಶಗಳ ಹೊಣೆ. ಪದ ಒಪ್ಪಿಕೊಂಡರೆ ಸೈನ್ಯ ಕಳಿಸುವ ಮಾತು ಏಳುತ್ತಿತ್ತು, ಅದಕ್ಕೇ ಪದವನ್ನೇ ಬಾಗಿಲ ಹೊರಗೆ ನಿಲ್ಲಿಸಿದರು. ಸುಮಾರು ನೂರು ದಿನಗಳಲ್ಲಿ ಸತ್ತವರು ಅಂದಾಜು 8 ಲಕ್ಷ. ನಿಮ್ಮ ‘ಸಭ್ಯ ಸುಳ್ಳು’ ಎಂಬ ಮಾತನ್ನು ಇಲ್ಲಿ ಪೂರ್ತಿ ಒಪ್ಪುತ್ತೇನೆ.

ನಮ್ಮ ದೇಶದ ಉದಾಹರಣೆ ಬೇಕೆಂದರೆ ಬಾಲಾಕೋಟ್ ಇದೆ. 2019ರ ಫೆಬ್ರುವರಿ 26ರಂದು ವಾಯುಪಡೆಯ ವಿಮಾನಗಳು ಗಡಿ ದಾಟಿ ಬಾಂಬ್ ಹಾಕಿ ಬಂದವು. ವಿದೇಶಾಂಗ ಕಾರ್ಯದರ್ಶಿ ವಿಜಯ್ ಗೋಖಲೆ ಅದನ್ನು ಕರೆದದ್ದು ‘ನಾನ್ ಮಿಲಿಟರಿ’ ಮುಂಜಾಗ್ರತಾ ಕ್ರಮ ಎಂದು. ಕನ್ನಡದ ಡೆಸ್ಕುಗಳಲ್ಲಿ ಆ ದಿನ ತಲೆ ಕೆರೆದುಕೊಂಡವರು ಬಹಳ ಮಂದಿ. ಯುದ್ಧವಿಮಾನದಿಂದ ಬಾಂಬ್ ಹಾಕಿದ್ದನ್ನು ‘ಸೇನೇತರ’ ಎಂದು ಬರೆಯುವುದು ಹೇಗೆ? ಆ ಪದ ಯಾರು ಹೊಡೆದರು ಎಂಬುದಕ್ಕಲ್ಲ, ಯಾರಿಗೆ ಹೊಡೆದರು ಎಂಬುದಕ್ಕೆ ಅನ್ವಯಿಸುತ್ತಿತ್ತು: ಗುರಿ ಉಗ್ರರ ಶಿಬಿರ, ಪಾಕಿಸ್ತಾನದ ಸೇನೆಯಲ್ಲ, ಆದ್ದರಿಂದ ನೀವು ತಿರುಗಿಸಿ ಹೊಡೆಯಬೇಕಾದ ಅಗತ್ಯ ಇಲ್ಲ ಎಂಬ ಸಂದೇಶ. ಮಾರನೆಯ ದಿನವೇ ಪಾಕಿಸ್ತಾನ ತಿರುಗಿಸಿ ಹೊಡೆಯಲು ಬಂತು, ಅದು ಬೇರೆ ಮಾತು. 2025ರ ಮೇ 7ರ ಸಿಂಧೂರ ಕಾರ್ಯಾಚರಣೆಯ ಪ್ರಕಟಣೆಯಲ್ಲೂ ‘ನಿರ್ದಿಷ್ಟ, ಅಳತೆಮೀರದ, ಸಂಘರ್ಷ ಹೆಚ್ಚಿಸದ’ ಎಂಬರ್ಥದ ಮೂರು ವಿಶೇಷಣಗಳಿದ್ದವು. ಹಿಂದೆಯೇ, ಪಾಕಿಸ್ತಾನದ ಸೇನಾ ನೆಲೆಗಳನ್ನು ಮುಟ್ಟಿಲ್ಲ ಎಂಬ ಸಾಲು. ವಿಶೇಷಣಗಳನ್ನು ಅಲಂಕಾರ ಅಂದುಕೊಂಡು ಹಾರಿಸಿ ಓದುವ ಅಭ್ಯಾಸ ನಮಗಿದೆ. ಇಂಥ ಪ್ರಕಟಣೆಗಳಲ್ಲಿ ಎದುರಾಳಿ ಮೊದಲು ಓದುವುದೇ ಅವನ್ನು.

ಹೆಸರಿನದು ಎದ್ದು ಕಾಣುವ ಜಗಳ. ಕಾಣದ ಜಗಳ ನಡೆಯುವುದು ವ್ಯಾಕರಣದಲ್ಲಿ. ಶಾಸನಗಳಲ್ಲಿ ಬರುವ ‘ಸಂಧಿವಿಗ್ರಹಿ’ ಎಂಬ ಹುದ್ದೆ ನಿಮಗೆ ನೆನಪಿರಬಹುದು: ಪರರಾಜ್ಯಗಳೊಡನೆ ಸಂಧಿ, ಯುದ್ಧ ಎರಡನ್ನೂ ನೋಡಿಕೊಳ್ಳುವವನು. ಎಷ್ಟೋ ದಾನಪತ್ರಗಳ ಪಾಠವನ್ನು ಸಿದ್ಧಪಡಿಸಿದವನೂ ಅವನೇ. ರಾಜನೀತಿಯ ಸಂಧಿ, ವ್ಯಾಕರಣದ ಸಂಧಿ ಎರಡಕ್ಕೂ ಪದ ಒಂದೇ ಆಗಿರುವುದು ನನಗೆ ಬಹಳ ಇಷ್ಟ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ ನೋಡಿ. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಗೋಲನ್ ದಿಬ್ಬಗಳನ್ನು ಹಿಡಿದುಕೊಂಡಿತ್ತು. ಆ ವರ್ಷದ ನವೆಂಬರ್ 22ರಂದು ಮಂಡಳಿ ಒಮ್ಮತದಿಂದ ನಿರ್ಣಯ ಮಾಡಿತು: ಇತ್ತೀಚಿನ ಸಂಘರ್ಷದಲ್ಲಿ ಆಕ್ರಮಿಸಿದ ಪ್ರದೇಶಗಳಿಂದ ಇಸ್ರೇಲಿ ಸೇನೆ ಹಿಂದೆ ಸರಿಯಬೇಕು. ಯಾವ ಪ್ರದೇಶಗಳಿಂದ? ಇಂಗ್ಲಿಷ್ ಪಾಠದಲ್ಲಿ ‘ಟೆರಿಟರೀಸ್’ ಎಂದಷ್ಟೇ ಇದೆ, ಅದಕ್ಕೆ ಮೊದಲು ‘ಇವೇ’ ಎಂದು ಗೊತ್ತುಮಾಡುವ ‘ದ’ (the) ಇಲ್ಲ, ‘ಎಲ್ಲ’ ಎನ್ನುವ ‘ಆಲ್’ ಇಲ್ಲ. ಕೆಲವು ಪ್ರದೇಶ ಬಿಟ್ಟರೂ ಸಾಕು ಎಂದು ಇಸ್ರೇಲ್ ಓದಿತು. ಫ್ರೆಂಚ್ ಪಾಠದಲ್ಲಿ ‘ದೆ ತೆರಿತ್ವಾರ್’ ಎಂದಿದೆ, ಅದನ್ನು ‘ಆ ಎಲ್ಲ ಪ್ರದೇಶಗಳಿಂದ’ ಎಂದು ಓದಬಹುದು, ಅರಬ್ ದೇಶಗಳು ಹಾಗೇ ಓದಿದವು. ಆಗ ಮಂಡಳಿಯ ಸದಸ್ಯನಾಗಿದ್ದ ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿ, ಎಲ್ಲ ಪ್ರದೇಶಗಳಿಂದ ಎಂಬುದೇ ನಮ್ಮ ಅರ್ಥ ಎಂದು ಸಭೆಯಲ್ಲೇ ಒತ್ತಿ ಹೇಳಿ ದಾಖಲಿಸಿದರು. ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ತಂದ ಆ ಕರಡಿನಲ್ಲಿ ‘ದ’ ಬಿಟ್ಟುಹೋದದ್ದು ಕೈತಪ್ಪಿನಿಂದಲ್ಲ, ಅದು ಇದ್ದರೆ ಒಮ್ಮತ ಸಿಗುತ್ತಿರಲಿಲ್ಲ. ಅರ್ಧ ಶತಮಾನ ದಾಟಿದರೂ ಆ ಒಂದು ಪುಟ್ಟ ಪದದ ವ್ಯಾಜ್ಯ ತೀರಿಲ್ಲ. ತಮಾಷೆಯೆಂದರೆ, ಕನ್ನಡದಲ್ಲಿ ‘ದ’ ಎಂಬುದೇ ಇಲ್ಲ. ‘ಪ್ರದೇಶಗಳಿಂದ’ ಎಂದು ಬರೆದರೆ ಕೆಲವೂ ಆದೀತು, ಎಲ್ಲವೂ ಆದೀತು. ಮಧ್ಯಪ್ರಾಚ್ಯದ ಇಷ್ಟು ದೊಡ್ಡ ಜಗಳ ಕನ್ನಡ ಪತ್ರಿಕೆಯ ಒಂದು ವಿಭಕ್ತಿ ಪ್ರತ್ಯಯದಲ್ಲಿ ಸದ್ದಿಲ್ಲದೆ ಮಾಯವಾಗುತ್ತದೆ.

ವಿಭಕ್ತಿಯೇ ಜಗಳವಾದದ್ದು ದೆಹಲಿಯ ಜಿ20ಯಲ್ಲಿ. 2022ರ ಬಾಲಿ ಘೋಷಣೆ, ‘ಉಕ್ರೇನ್ ವಿರುದ್ಧ ರಷ್ಯನ್ ಒಕ್ಕೂಟದ ಆಕ್ರಮಣ’ ಎಂಬ ವಿಶ್ವಸಂಸ್ಥೆಯ ಮಾತನ್ನು ಉದ್ಧರಿಸಿತ್ತು. ಮಾರನೆಯ ವರ್ಷ ರಷ್ಯಾ, ಚೀನಾ ಎರಡೂ ಆ ಮಾತಿಗೆ ಸುತರಾಂ ಒಪ್ಪಲಿಲ್ಲ. ಜುಲೈನಲ್ಲಿ ನಮ್ಮ ಹಂಪಿಯಲ್ಲಿ ಶೆರ್ಪಾಗಳು, ಅಂದರೆ ನಾಯಕರ ಪರವಾಗಿ ಕರಡು ಚರ್ಚಿಸುವ ಪ್ರತಿನಿಧಿಗಳು, ಸೇರಿದ್ದು ನಿಮಗೆ ಗೊತ್ತಿರುತ್ತದೆ. ಪೇಪರುಗಳಲ್ಲಿ ಬಂದದ್ದು ಕಲ್ಲಿನ ರಥದ ಮುಂದಿನ ಫೋಟೊ. ಒಳಗೆ ನಡೆಯುತ್ತಿದ್ದದ್ದು ಘೋಷಣೆಯ ಪದಪದದ ಹಗ್ಗಜಗ್ಗಾಟ. ಉಕ್ರೇನ್ ಕುರಿತ ಭಾಗ ಒಂದಕ್ಕೇ 200 ತಾಸಿಗೂ ಹೆಚ್ಚು ಮಾತುಕತೆ, 300 ದ್ವಿಪಕ್ಷೀಯ ಸಭೆ, 15 ಕರಡು ಆದವು ಎಂದು ಭಾರತದ ಶೆರ್ಪಾ ಅಮಿತಾಭ್ ಕಾಂತ್ ಆಮೇಲೆ ಬರೆದುಕೊಂಡರು. ಸೆಪ್ಟೆಂಬರ್ 9ರಂದು ಒಪ್ಪಿಗೆಯಾದ ಪಾಠದಲ್ಲಿ ‘ಆಕ್ರಮಣ’ ಎಂದು ರಷ್ಯಾವನ್ನು ಹೆಸರಿಸಿ ದೂರಿದ ಸಾಲಿಲ್ಲ, ‘ಉಕ್ರೇನ್‌ನಲ್ಲಿನ ಯುದ್ಧ’ ಇದೆ. ಉಕ್ರೇನಿನ ವಿದೇಶಾಂಗ ವಕ್ತಾರ ಓಲೆಗ್ ನಿಕೊಲೆಂಕೊ ಆ ಭಾಗವನ್ನು ಹಾಗೇ ತೆಗೆದುಕೊಂಡು, ಮೇಷ್ಟರು ನೋಟ್‌ಬುಕ್ ತಿದ್ದಿದಂತೆ ಕೆಂಪು ಬಣ್ಣದಲ್ಲಿ ಅಲ್ಲಲ್ಲಿ ಹೊಡೆದುಹಾಕಿ, ‘ಉಕ್ರೇನ್ ವಿರುದ್ಧದ ಯುದ್ಧ’ ಎಂದು ತಿದ್ದಿ ಜಾಲತಾಣದಲ್ಲಿ ಹಾಕಿದರು. ‘ಅಲ್ಲಿ’ ಎಂದರೆ ಯುದ್ಧ ಮಳೆಯಂತೆ ತಾನಾಗಿ ಬಂದದ್ದು, ‘ವಿರುದ್ಧ’ ಎಂದರೆ ಅದನ್ನು ಒಬ್ಬರು ಮಾಡಿದ್ದು. ಸಪ್ತಮಿ ಉಳಿಯಿತು, ಕರ್ತೃ ಹೋದ. ಇನ್ನೊಂದು ಕಡೆ, ಭೂಮಿ ಕಬಳಿಸಲು ಬಲ ಬಳಸಬಾರದು ಎಂಬ ಸಾಲನ್ನು ಹೆಸರಿಲ್ಲದೆ ಸೇರಿಸಿ ಪಶ್ಚಿಮದವರನ್ನೂ ಒಪ್ಪಿಸಿದರು. ಇದನ್ನು ಗೆಲುವು ಅನ್ನುವವರೂ ಇದ್ದಾರೆ, ಶರಣಾಗತಿ ಅನ್ನುವವರೂ ಇದ್ದಾರೆ. ಕರಡುಗಾರನ ಕಣ್ಣಲ್ಲಿ ನೋಡಿದರೆ ಅದು ಮೊದಲ ದರ್ಜೆಯ ಕುಸುರಿ ಕೆಲಸ. ಕೀವ್‌ನಲ್ಲಿ ಕೂತವನ ಕಣ್ಣಲ್ಲಿ ನೋಡಲು ನನಗೆ ಅಷ್ಟು ಧೈರ್ಯ ಸಾಲದು.

‘ಬಹುದು’, ‘ತಕ್ಕದ್ದು’ ಇವುಗಳ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1889ರ ವುಚಾಲೆ ಒಪ್ಪಂದದ 17ನೇ ವಿಧಿ, ಇಥಿಯೋಪಿಯಾದ ದೊರೆ ಹೊರದೇಶಗಳೊಡನೆ ವ್ಯವಹರಿಸಲು ಇಟಲಿಯ ಸಹಾಯ ‘ಪಡೆಯಬಹುದು’ ಎಂದು ಅಂಹಾರಿಕ್ ಪಾಠದಲ್ಲಿತ್ತು. ಇಟಾಲಿಯನ್ ಪಾಠದ ಪ್ರಕಾರ ಇಟಲಿಯ ಮೂಲಕವೇ ವ್ಯವಹರಿಸತಕ್ಕದ್ದು. ಅಂದರೆ ಒಂದು ಭಾಷೆಯಲ್ಲಿ ಸ್ವತಂತ್ರ ದೇಶ, ಇನ್ನೊಂದರಲ್ಲಿ ಇಟಲಿಯ ಅಧೀನ. ದೊರೆ ಮೆನೆಲಿಕ್ ಆ ಒಪ್ಪಂದವನ್ನೇ ಹರಿದುಹಾಕಿದ. 1896ರ ಮಾರ್ಚ್ 1ರಂದು ಅಡ್ವಾದಲ್ಲಿ ಇಟಲಿಯ ಸೈನ್ಯ ಮಣ್ಣು ಮುಕ್ಕಿತು. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಕೊನೆಯ ಗಳಿಗೆಯಲ್ಲಿ ಅಮೆರಿಕದವರು 4ನೇ ವಿಧಿಯಲ್ಲಿ ಒಂದು ‘ಶಲ್’ (ತಕ್ಕದ್ದು) ಕಂಡು ಹೌಹಾರಿದ್ದೂ ಇದೇ ಬಗೆಯದು. ಹೊಗೆ ತಗ್ಗಿಸುವ ಗುರಿ ಕಾನೂನಾಗಿ ಕಟ್ಟಿಹಾಕಿದರೆ ಒಪ್ಪಂದ ಸೆನೆಟ್ ಮುಂದೆ ಹೋಗಬೇಕು, ಹೋದರೆ ಸತ್ತಂತೆಯೇ. ತಾಂತ್ರಿಕ ತಿದ್ದುಪಡಿ ಎಂದು ಓದಿ ‘ಶುಡ್’ (ಮಾಡುವುದು ಒಳಿತು) ಮಾಡಿದರು, ಸುತ್ತಿಗೆ ಬಿತ್ತು. ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ, 2021ರಲ್ಲಿ, ಕಲ್ಲಿದ್ದಲನ್ನು ‘ಪೂರ್ತಿ ನಿಲ್ಲಿಸುವ’ ಬದಲು ‘ಹಂತಹಂತವಾಗಿ ತಗ್ಗಿಸುವ’ ಎಂದು ಮಾಡಿಸಿದ್ದು ಭಾರತ. ಸಮ್ಮೇಳನದ ಅಧ್ಯಕ್ಷ ಆಲೋಕ್ ಶರ್ಮಾ ವೇದಿಕೆಯಲ್ಲೇ ಗಂಟಲು ಕಟ್ಟಿ ಕ್ಷಮೆ ಕೇಳಿದರು.

ಈಗ ನಿಮ್ಮ ಮೂರು ವಾಕ್ಯಗಳಿಗೆ ಬರುತ್ತೇನೆ. ‘ವಿಷಾದ’ದ ಕಥೆ ಆಗಲೇ ಆಯಿತು. ‘ಕಳವಳ’ ಏಣಿಯ ಕೆಳಗಿನ ಮೆಟ್ಟಿಲು. ಮೇಲೆ ಹೋದಂತೆ ‘ತೀವ್ರ ಕಳವಳ’, ಆಮೇಲೆ ‘ಖಂಡನೆ’, ಅದಕ್ಕೂ ಮೇಲೆ ‘ಅತ್ಯಂತ ಕಟುವಾದ ಮಾತುಗಳಲ್ಲಿ ಖಂಡನೆ’. ನಿನ್ನೆ ಕಳವಳ ಇದ್ದದ್ದು ಇವತ್ತು ತೀವ್ರ ಕಳವಳವಾದರೆ ಏನೋ ನಡೆದಿದೆ ಎಂದರ್ಥ. ಒಂಟಿಯಾಗಿ ನೋಡಿದರೆ ಆ ಪದಕ್ಕೆ ತೂಕವೇ ಇಲ್ಲ. ‘ಮುಕ್ತ ಮಾತುಕತೆ’ ನಮ್ಮ ಡೆಸ್ಕುಗಳು ಮಾಡಿದ ದೊಡ್ಡ ಎಡವಟ್ಟು. ಮೂಲದಲ್ಲಿರುವುದು ‘ಫ್ರ್ಯಾಂಕ್’. ರಾಜತಾಂತ್ರಿಕರ ನಡುವೆ ಅದರ ಅರ್ಥ ‘ಒಳಗೆ ಜಗಳ ಆಯಿತು’ ಎಂದು. ಕನ್ನಡದಲ್ಲಿ ಅದು ಮನಬಿಚ್ಚಿ ಹರಟೆ ಹೊಡೆದಂತೆ ಕೇಳಿಸುತ್ತದೆ. ನಾನು ಈಗಿನ ಹುಡುಗರಿಗೆ ‘ಖಡಕ್ ಮಾತುಕತೆ’ ಎಂದು ಬರೆಯಲು ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಈ ಸವೆದ ನಾಣ್ಯದಂಥ ಭಾಷೆ ಎಷ್ಟು ಒಂದೇ ಥರ ಇರುತ್ತದೆ ಎನ್ನುವುದಕ್ಕೆ ನಮ್ಮ ಎಸ್.ಎಂ. ಕೃಷ್ಣ ಅವರ ಪ್ರಸಂಗ ನೆನಪಾಗುತ್ತದೆ. 2011ರ ಫೆಬ್ರುವರಿಯಲ್ಲಿ ವಿದೇಶಾಂಗ ಸಚಿವರಾಗಿ ಭದ್ರತಾ ಮಂಡಳಿಯಲ್ಲಿ ಮಾತಾಡುವಾಗ ಮೇಜಿನ ಮೇಲಿದ್ದ ಪೋರ್ಚುಗಲ್ ಸಚಿವರ ಭಾಷಣವನ್ನು ಮೂರು ನಿಮಿಷ ಓದಿಬಿಟ್ಟರು. ಪೋರ್ಚುಗೀಸ್ ಮಾತಾಡುವ ಎರಡು ದೇಶಗಳು ಇಲ್ಲಿ ಒಟ್ಟಿಗಿರುವುದು ಸಂತೋಷ ಎಂಬ ಸಾಲೂ ಬಂತು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಗ ಭಾರತದ ಪ್ರತಿನಿಧಿಯಾಗಿದ್ದ ಹರ್ದೀಪ್ ಪುರಿ ಎಚ್ಚರಿಸಿದರು. ದೇಶವೆಲ್ಲ ಕೃಷ್ಣ ಅವರನ್ನು ನೋಡಿ ನಕ್ಕಿತು. ನನಗೆ ಕಂಡದ್ದು ಬೇರೆ: ಶುರುವಿನ ಸಾಲುಗಳಲ್ಲಿ ಶಾಂತಿ, ಅಭಿವೃದ್ಧಿ, ಸಹಕಾರ ಎಂದೆಲ್ಲ ಓದುವಾಗ ಅದು ಪೋರ್ಚುಗಲ್ಲಿನದೋ ಭಾರತದ್ದೋ ಎಂದು ಹೇಳಲು ಸಭೆಯಲ್ಲಿದ್ದವರಿಗೂ ಕಷ್ಟವಿತ್ತು.

ಜಾಣತನ ಕೈಕೊಡುವುದೂ ಉಂಟು. 2009ರ ಜುಲೈನಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ಮನಮೋಹನ್ ಸಿಂಗ್ ಮತ್ತು ಪಾಕಿಸ್ತಾನದ ಪ್ರಧಾನಿ ಗಿಲಾನಿ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಗಲಭೆಗೆ ಭಾರತವೇ ಕಾರಣ ಎಂದು ಪಾಕಿಸ್ತಾನ ದೂರುವ ಬಲೂಚಿಸ್ತಾನದ ಹೆಸರು ಒಂದು ಸಲ ಬಂದಿತ್ತು. ಭಯೋತ್ಪಾದನೆಯ ವಿರುದ್ಧದ ಕ್ರಮವನ್ನು ಮಾತುಕತೆಯ ಜೊತೆ ತಳುಕು ಹಾಕಬಾರದು ಎಂಬ ಸಾಲೂ ಇತ್ತು. ಮುಂಬೈ ದಾಳಿಯಾಗಿ ಎಂಟೇ ತಿಂಗಳು. ಇಲ್ಲಿ ಸಂಸತ್ತು ಹೊತ್ತಿ ಉರಿಯಿತು. ಕರಡು ಚೆನ್ನಾಗಿ ಬರೆದಿರಲಿಲ್ಲ ಎನ್ನಬಹುದು ಎಂಬರ್ಥದಲ್ಲಿ ಆಗಿನ ವಿದೇಶಾಂಗ ಕಾರ್ಯದರ್ಶಿ ಶಿವಶಂಕರ್ ಮೆನನ್ ಹೇಳಿದರು. ಎರಡೂ ಕಡೆಯವರು ತಮಗೆ ಬೇಕಾದಂತೆ ಓದಿಕೊಳ್ಳಲಿ ಎಂದು ಬಿಟ್ಟ ಸಂದಿನಲ್ಲಿ ಒಂದು ಕಡೆಯವರಷ್ಟೇ ನುಸುಳಿಹೋದರೆ ಹೀಗಾಗುತ್ತದೆ.

ಹಾಗಾದರೆ ಓದುಗರು ಏನು ಮಾಡಬೇಕು? ಒಂದೇ ಹೇಳಿಕೆ ಓದಿ ಬಿಡಬೇಡಿ, ಒಂದೇ ಘಟನೆಗೆ ಎರಡು ರಾಜಧಾನಿಗಳು ಕೊಟ್ಟ ಹೇಳಿಕೆಗಳನ್ನು ಪಕ್ಕದಲ್ಲಿಟ್ಟು ಓದಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಪದ ಸಿಕ್ಕಿದರೆ ಸುದ್ದಿ ಅಲ್ಲಿದೆ. 2025ರ ಮೇ 10ರ ಸಂಜೆಯದ್ದನ್ನೇ ತೆಗೆದುಕೊಳ್ಳಿ, ಈಗಲೂ ಅಂತರ್ಜಾಲದಲ್ಲಿ ಸಿಗುತ್ತದೆ. ಅಮೆರಿಕದ ಮಧ್ಯಸ್ಥಿಕೆಯಲ್ಲಿ ಭಾರತ, ಪಾಕಿಸ್ತಾನ ಕದನ ವಿರಾಮಕ್ಕೆ ಒಪ್ಪಿವೆ ಎಂದು ಟ್ರಂಪ್ ಮೊದಲು ಸಾರಿದರು. ಸ್ವಲ್ಪ ಹೊತ್ತಿಗೆ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಬಂದು ಒಂದು ಚಿಕ್ಕ ಹೇಳಿಕೆ ಓದಿದರು. ಅದರಲ್ಲಿ ಅಮೆರಿಕ ಇಲ್ಲ, ಮಧ್ಯಸ್ಥಿಕೆ ಇಲ್ಲ, ಕದನ ವಿರಾಮ ಎಂಬ ಪದವೂ ಇಲ್ಲ. ಸಂಜೆ 5ರಿಂದ ನೆಲ, ಆಕಾಶ, ಸಮುದ್ರಗಳಲ್ಲಿ ಗುಂಡಿನ ದಾಳಿ, ಸೇನಾ ಕಾರ್ಯಾಚರಣೆ ನಿಲ್ಲಿಸಲು ಒಪ್ಪಲಾಗಿದೆ ಎಂದಷ್ಟೇ ಇದೆ. ಆ ಹೇಳಿಕೆ ಶುರುವಾದದ್ದು ಹೀಗೆ: ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಭಾರತದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರಿಗೆ ಮಧ್ಯಾಹ್ನ 3.35ಕ್ಕೆ ಫೋನ್ ಮಾಡಿದರು. ಫೋನ್ ಮಾಡಿದವರು ಯಾರು ಎಂಬುದನ್ನು ಮೊದಲ ವಾಕ್ಯದ ಕರ್ತೃಪದವಾಗಿಯೇ ಇಟ್ಟಿದ್ದಾರೆ, ನೋಡಿ.